ಅಡುಗೆಮನೆಗೆ ಕಟ್ಟಿದ ಗಂಟೆ

ನನ್ನ ಗಂಡ ನಂಜನಗೂಡು–ತಿ. ನರಸೀಪುರ ಬಸ್ಸಿನ ಕಂಡಕ್ಟರ್. ನಾನು ನಂಜನಗೂಡಿನಲ್ಲೇ ಪ್ರೈಮರಿ ಶಾಲೆಯ ಮೇಡಂ. ದಿನವಿಡೀ ಬಸ್ಸಿನಲ್ಲಿ ಕೂಗಿ ಕೂಗಿ ಮನೆಗೆ ಬಂದವರು ತುಟಿ ಬಿಚ್ಚದೆ ಉಂಡು ಮಲಗುತ್ತಿದ್ದರು. ಗಂಟಲೆಲ್ಲ ಪ್ಯಾಸೆಂಜರುಗಳಿಗೆ ಕೊಟ್ಟು ನಮಗೆ ಖಾಲಿ ಚೀಲ ತರುತ್ತೀರಿ ಎಂದು ನಾನು ರೇಗುತ್ತಿದ್ದೆ. ನನ್ನದು ಮೊದಲಿನಿಂದಲೂ ಜೋರು ಬಾಯಿ. ತೊಂಬತ್ತರ ದಶಕದ ಕೊನೆಯಲ್ಲಿ, ಒಂದು ಚಳಿಗಾಲ, ಅವರ ಗಂಟಲಲ್ಲಿ ಇರುವುದು ಕ್ಯಾನ್ಸರ್ ಗಡ್ಡೆ ಎಂದು ಮೈಸೂರಿನ ಡಾಕ್ಟರು ಹೇಳಿದಾಗ, ನಾನಾಡಿದ ಮಾತೇ ತಟ್ಟಿತೇನೋ ಎಂದು ನಡುಗಿಹೋದೆ.

ಗಡ್ಡೆ ಚಿಕ್ಕದು, ತೆಗೆದರು. ಆರು ವಾರ ಒಂದಕ್ಷರ ಆಡಕೂಡದು, ಪಿಸುಮಾತೂ ಬೇಡ ಎಂದರು. ಆಮೇಲೆ ನನ್ನೊಬ್ಬಳನ್ನೇ ಒಳಗೆ ಕರೆದು, ರೋಗವೇನೋ ಹೋದ ಹಾಗಿದೆ, ಆದರೆ ದನಿ ಮರಳಿ ಬರುತ್ತದೆಂದು ಮಾತು ಕೊಡಲಾರೆ ಎಂದರು. ಇದನ್ನು ನಾನು ಯಾರ ಹತ್ತಿರವೂ ಬಾಯಿಬಿಡಲಿಲ್ಲ. ದನಿಯಿಲ್ಲದ ಕಂಡಕ್ಟರಿಗೆ ಬಸ್ಸಿನಲ್ಲಿ ಏನು ಕೆಲಸ?

ತಮ್ಮ ಮಗನನ್ನು ನೋಡಿಕೊಳ್ಳಲು ಮೂಗೂರಿನಿಂದ ನಮ್ಮತ್ತೆ ಬಂದರು. ಬಟ್ಟೆಯ ಗಂಟಿನಲ್ಲಿ ಒಂದು ಹಿತ್ತಾಳೆ ಗಂಟೆ ಇತ್ತು, ಎತ್ತಿನ ಕೊರಳಿನದು. "ಎತ್ತು ಓಯ್ತು, ಗಂಟೆನಾದ್ರೂ ಇರ್ಲಿ ಅಂತ ಮಡಗಿದ್ದೆ. ಈಗ ನನ್ ಮಗನ ಬಾಯಿಗೇ ಬೇಕಾಯ್ತು" ಎಂದರು. ಅದನ್ನು ಅಡುಗೆಮನೆಯ ಬಾಗಿಲಿಗೆ ಕಟ್ಟಿ, ನಡುಮನೆಯ ಮಂಚದ ತನಕ ಹಗ್ಗ ಎಳೆದೆವು. ಕಾನೂನನ್ನು ನನ್ನ ಗಂಡ ಮಗಳ ಸ್ಲೇಟಿನ ಮೇಲೆ ಬರೆದು ತೋರಿಸಿದರು, ಥೇಟ್ ಬಸ್ಸಿನದೇ: ಒಂದು ಸಲ ಹೊಡೆದರೆ ನಿಲ್ಲಿಸು, ಎರಡು ಸಲ ಹೊಡೆದರೆ ಮುಂದೆ ಹೋಗಲಿ.

ಮೂರನೇ ಕ್ಲಾಸಿನ ಮಗಳಿಗೆ ಹಬ್ಬವೋ ಹಬ್ಬ. ಗಂಟೆ ಬಾರಿಸಿದರೆ ಸಾಕು, ಡ್ರೈವರಿನಂತೆ ಕೈ ತಿರುಗಿಸುತ್ತ ಓಡಿ ಬಂದು ಮಂಚದ ಮುಂದೆ ಬ್ರೇಕ್ ಹಾಕುತ್ತಿದ್ದಳು. ಒಂದು ದಿನ ಅವಳು ಮಗ್ಗಿ ತಪ್ಪಿದಳೆಂದು ಅಡುಗೆಮನೆಯಲ್ಲಿ ನಿಂತು ಬೈಯುತ್ತಿದ್ದೆ. ಗಂಟೆ ಒಂದು ಸಲ ಹೊಡೆಯಿತು. ಏನಾಯಿತೋ ಎಂದು ಸೌಟು ಹಿಡಿದೇ ಓಡಿದೆ. ಅವರು ಆರಾಮಾಗಿ ಮಲಗಿ ನಗುತ್ತಿದ್ದರು. ನಿಲ್ಲಿಸಬೇಕಾಗಿದ್ದದ್ದು ನನ್ನ ಬಾಯಿ. ನಾನೇನು ನಿಮ್ಮ ಬಸ್ಸೇ ಎಂದು ಶುರು ಮಾಡಿದರೆ ಮತ್ತೆ ಒಂದು ಗಂಟೆ. ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕರು. ಅಲ್ಲಿಂದ ನನ್ನ ಬೈಗುಳಕ್ಕೆಲ್ಲ ಅದೇ ಗತಿಯಾಯಿತು.

ಅವರೆಕಾಯಿ ಕಾಲ ಅದು. ಶಾಲೆಯಿಂದ ಬಂದಮೇಲೆ ನೆನೆಸಿದ ಕಾಳಿನ ಬೋಗುಣಿಯನ್ನು ಮಂಚದ ಹತ್ತಿರ ಇಟ್ಟುಕೊಂಡು ನಾಲ್ವರೂ ಹಿದುಕುತ್ತ ಕೂರುತ್ತಿದ್ದೆವು. ಬೆರಳಲ್ಲಿ ಒತ್ತಿದರೆ ಸಿಪ್ಪೆ ಕೈಯಲ್ಲುಳಿದು ಬೇಳೆ ಚಿಮ್ಮುತ್ತದೆ. ಅವರು ಹಿದುಕಿದ್ದು ಮಾತ್ರ ಯಾವಾಗಲೂ ಬೋಗುಣಿ ಬಿಟ್ಟು ನನ್ನ ಕೆನ್ನೆಗೇ ಬರುತ್ತಿತ್ತು. ಮದುವೆಯಾಗಿ ಹನ್ನೆರಡು ವರ್ಷದಲ್ಲಿ ದೀಪ ಹಚ್ಚುವ ಹೊತ್ತಿಗೆ ಅವರು ಮನೆಯಲ್ಲಿ ಇದ್ದದ್ದು ಅಪರೂಪ. ಹೇಳಲು ನಾಚಿಕೆ, ಆ ಸಂಜೆಗಳಲ್ಲಿ ನಾನು ಸುಖವಾಗಿದ್ದೆ.

ಆರು ವಾರ ಕಳೆಯಿತು. ಗಾಯ ಮಾಯ್ದಿದೆ, ರೋಗದ ಸುಳಿವಿಲ್ಲ, ಇನ್ನು ಮೆಲ್ಲಗೆ ಮಾತಾಡಬಹುದು ಎಂದರು ಡಾಕ್ಟರು. ನನ್ನ ಗಂಡ ಬಾಯಿ ತೆರೆಯಲಿಲ್ಲ. ಒಂದು ದಿನ, ಎರಡು ದಿನ, ವಾರವಾದರೂ ಗಂಟೆಯೇ, ಸ್ಲೇಟೇ. ನನಗೆ ಅರ್ಥವಾಯಿತು. ಬಾಯಿ ತೆರೆದು ದನಿ ಬಾರದೇ ಹೋದರೆ ಎಂಬ ಭಯ ಅವರಿಗೂ ಇತ್ತು. ಜನ್ಮದಲ್ಲಿ ಮೊದಲ ಸಲ ನಾನು ಒತ್ತಾಯ ಮಾಡಲಿಲ್ಲ. ಮಾತು ಬೆಳ್ಳಿ, ಮೌನ ಬಂಗಾರ ಎಂದು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ. ಆ ಬಂಗಾರ ಮನೆಗೇ ಬಂದು ಕೂತಾಗ ನನಗೆ ಬೇಡವಾಗಿತ್ತು.

ಅತ್ತೆ ಊರಿಗೆ ಹೊರಟರು. ತಿ. ನರಸೀಪುರದ ತನಕ ಬಿಟ್ಟು ಬರೋಣವೆಂದು ನಾವೂ ಬಸ್ಸು ಹತ್ತಿದೆವು. ನನ್ನ ಗಂಡನದೇ ರೂಟು. ಅವರ ಜೊತೆಯ ಕಂಡಕ್ಟರು ಹಿಂದೆ ಟಿಕೆಟ್ ಕೊಡುತ್ತಿದ್ದರು. ದಾರಿಯ ಒಂದು ಹಳ್ಳಿಯಲ್ಲಿ ಡಬಲ್ ಬೆಲ್ ಕೊಟ್ಟಾಗಿತ್ತು, ಬಸ್ಸು ಕದಲಿತ್ತು. ಕಂಬಿ ಹಿಡಿದ ಮುದುಕಿಯೊಬ್ಬಳ ಒಂದು ಕಾಲು ಮೆಟ್ಟಿಲ ಮೇಲೆ, ಇನ್ನೊಂದು ನೆಲದ ಮೇಲೆ. ಬಾಗಿಲ ಪಕ್ಕದ ಸೀಟಿನಿಂದ ನನ್ನ ಗಂಡ ಎದ್ದು ನಿಂತರು.

"ಓಲ್ಡಾನ್, ಓಲ್ಡಾನ್!"

ಎಣ್ಣೆ ಕಾಣದ ಬಾಗಿಲು ತೆರೆದಂತಿತ್ತು ಆ ದನಿ. ಆದರೂ ಡ್ರೈವರಿಗೆ ಕೇಳಿಸಿತು, ಬಸ್ಸು ನಿಂತಿತು. ಮುದುಕಿ ಏದುಸಿರು ಬಿಡುತ್ತ ಹತ್ತಿ ಅವರನ್ನೇ ದಬಾಯಿಸಿದಳು. "ಏನ್ಲಾ, ಒಸಿ ಗಟ್ಟಿಯಾಗಿ ಕೂಗಕ್ಕೆ ಗಂಟ್ಲಿಲ್ವಾ ನಿಂಗೆ?"

"ಅದೆ ಕಣವ್ವ," ಎಂದರು ಅವರು. "ಅದೆ."

ಅತ್ತೆ ಕಣ್ಣು ಮುಚ್ಚಿ ಕೈ ಮುಗಿದರು. ಮಗಳು ಅಪ್ಪನ ಅಂಗಿ ಹಿಡಿದುಕೊಂಡು ಊರು ಬರುವ ತನಕ ಬಿಡಲಿಲ್ಲ. ನಾನು ಕಿಟಕಿಯ ಕಡೆ ಮುಖ ತಿರುಗಿಸಿ ಕೂತೆ.

ಸಂಜೆ ಮನೆಗೆ ಬಂದು, ಒಲೆ ಹಚ್ಚಿ, ಶುರು ಮಾಡಿದೆ. ಇಷ್ಟು ದಿನ ಗಂಜಿ ಕಾಸಿದವಳು ನಾನು, ಕಾದವಳು ನಾನು, ಮೊದಲ ಮಾತು ಮಾತ್ರ ಬಸ್ಸಿಗೆ. ನಾಚಿಕೆಯಾಗಬೇಕು ನಿಮಗೆ, ಎಂದೆ. ಮುಂದೆ ಹೇಳಲು ಆಗಲಿಲ್ಲ, ಅಳು ಬಂದುಬಿಟ್ಟಿತು.

ನಡುಮನೆಯಿಂದ ಗಂಟೆ ಒಂದು ಸಲ ಹೊಡೆಯಿತು. ನಾನೇ ನಿಲ್ಲಿಸಿಯಾಗಿದೆ, ಇನ್ನು ನಿಲ್ಲಿಸುವುದೇನಿದೆ ಎಂದು ಕಣ್ಣೊರೆಸಿಕೊಂಡೆ. ಅಷ್ಟರಲ್ಲಿ ಇನ್ನೊಂದು ಸಲ ಹೊಡೆಯಿತು.

ಬಿಟ್ಟಲ್ಲಿಂದಲೇ ಬೈಯಲು ಶುರು ಮಾಡಿದೆ.