ಜ್ವರಕ್ಕೆ ಓದುತ್ತಿದ್ದ ಆಯತ್ತು

ಗಂಜಾಂನ ಮಸೀದಿ ಬಾಗಿಲಲ್ಲಿ ಸಂಜೆಯ ನಮಾಜು ಮುಗಿಯುವ ಹೊತ್ತಿಗೆ ಹೆಂಗಸರು ಮಕ್ಕಳನ್ನೆತ್ತಿಕೊಂಡು ನಿಂತಿರುತ್ತಾರೆ. ನಮಾಜು ಮುಗಿಸಿ ಹೊರಗೆ ಬಂದವರು ಏನಾದರೂ ಓದಿ, ಮಗುವಿನ ಮುಖಕ್ಕೆ ಉಫ್ ಎಂದು ಊದಿ ಹೋಗಬೇಕು. ಜ್ವರ, ದೃಷ್ಟಿ, ನಿದ್ದೆಯಲ್ಲಿ ಬೆಚ್ಚಿ ಬೀಳುವುದು, ಎಲ್ಲಕ್ಕೂ ಅದೇ ಮದ್ದು. ಸಾಬರ ಮಗು, ಗೌಡರ ಮಗು ಎಂಬ ಭೇದ ಆ ಸಾಲಿನಲ್ಲಿಲ್ಲ. ಬೆಳಗೊಳದಿಂದ ಬಸ್ಸು ಹತ್ತಿ ಬರುವವರೂ ಉಂಟು. ಎಲ್ಲರೂ ಕಾಯುವುದು ಹಾಸಿಗೆ ಅಂಗಡಿಯ ದಸ್ತಗೀರ್ ಸಾಬರನ್ನು. ಬೇರೆಯವರು ಊದಿದರೆ ಬರೀ ಗಾಳಿ, ಸಾಬರು ಊದಿದರೆ ಜ್ವರ ಇಳಿಯುತ್ತದೆ ಎಂದು ಊರಿನ ನಂಬಿಕೆ. ಹತ್ತಿ ಹಿಂಜಿ ಹಿಂಜಿ ಎದೆಗೆ ಧೂಳು ತುಂಬಿಕೊಂಡ ಮನುಷ್ಯನಿಗೆ ಊದುವಷ್ಟು ಉಸಿರಾದರೂ ಎಲ್ಲಿದೆ ಎಂದು ಯಾರೂ ಕೇಳಿದವರಲ್ಲ.

ಓದಲು ಅವರಲ್ಲಿ ಒಂದು ಆಯತ್ತಿತ್ತು, ಕುರಾನಿನ ಒಂದು ವಾಕ್ಯ. ಅಪ್ಪ ಕೊಟ್ಟದ್ದು. ಅದರಲ್ಲಿ ಮಕ್ಕಳ ಮಾತು ಬರುತ್ತದೆಂದು ಯಾರೋ ಹೇಳಿದ್ದರಂತೆ. ಮಕ್ಕಳ ಮಾತು ಬಂದಮೇಲೆ ಮಕ್ಕಳ ಜ್ವರಕ್ಕೂ ಆಗಲೇಬೇಕಲ್ಲ ಎಂದು ಆ ಪುಣ್ಯಾತ್ಮ ತೀರ್ಮಾನಿಸಿದ್ದ. ಅಪ್ಪನಿಗೂ ಮಗನಿಗೂ ಅರಬ್ಬಿ ಅಕ್ಷರ ಕೂಡಿಸಿ ಓದಲು ಬರುತ್ತಿತ್ತು, ಅರ್ಥ ಮಾತ್ರ ಸೊನ್ನೆ.

ಅಪ್ಪ ಬಿಟ್ಟುಹೋದದ್ದು ಇನ್ನೊಂದಿತ್ತು, ಮೂರಂಕಣದ ಹೆಂಚಿನ ಮನೆ. ಬೀದಿ ಕಡೆಯ ಅಂಕಣವೇ ಹಾಸಿಗೆ ಅಂಗಡಿ. ಮಕ್ಕಳು ಇಬ್ಬರೇ, ದಸ್ತಗೀರ್ ಸಾಬರು ಮತ್ತು ನಾಗಮಂಗಲಕ್ಕೆ ಕೊಟ್ಟ ತಂಗಿ ಮೈಮೂನ. ಅಪ್ಪ ತೀರಿಕೊಂಡಾಗ ಹಿರಿಯರು ಕೇಳಿದ್ದಕ್ಕೆ ಮೈಮೂನ, 'ನಂಗೇನೂ ಬ್ಯಾಡ' ಎಂದಳು. ತಂಗಿಯರೆಲ್ಲ ಹಾಗೇ ಅನ್ನುತ್ತಾರೆ, ಅಣ್ಣಂದಿರೆಲ್ಲ ಅದನ್ನು ನಿಜವೆಂದೇ ನಂಬುತ್ತಾರೆ. ಸಾಬರೂ ನಂಬಿದರು. ಕಾಗದಕ್ಕೆ ಸಹಿ ಹಾಕಿಸಿಕೊಂಡು, ಸೀರೆ ಬಳೆ ಕೊಟ್ಟು, ಬಸ್ಸು ಹತ್ತಿಸಿದರು. ಆಮೇಲೆ ಅವಳ ಗಂಡ ಸತ್ತ. ಈಗ ಆದಿಚುಂಚನಗಿರಿ ಕಡೆ ಒಂದು ಹಾಸ್ಟೆಲಿನಲ್ಲಿ ಅಡುಗೆ ಮಾಡಿಕೊಂಡು, ನಾಗಮಂಗಲದಲ್ಲೇ ಬಾಡಿಗೆಯ ಶೀಟಿನ ಮನೆಯಲ್ಲಿದ್ದಾಳೆ. ಅದು ಸಾಬರಿಗೆ ಆಗಾಗ ಚುಚ್ಚುತ್ತಿತ್ತು. ಆದರೆ ಚುಚ್ಚಿದ್ದನ್ನು ಮರೆಯಲು ದಿನವೂ ಬೇಕಾದಷ್ಟು ಹತ್ತಿ ಇರುತ್ತಿತ್ತು.

ಕೆ.ಆರ್. ಪೇಟೆಯಿಂದ ಮಸೀದಿಗೆ ಹೊಸ ಹಜ್ರತ್ ಬಂದರು. ಇನ್ನೂ ಗಡ್ಡ ಸರಿಯಾಗಿ ತುಂಬದ ಗುರು. ವಯಸ್ಸಾದವರಿಗೆ ಮಧ್ಯಾಹ್ನ ಅರಬ್ಬಿ ವ್ಯಾಕರಣ ಹೇಳಿಕೊಡುತ್ತೇನೆ, ಓದುವುದು ಏನೆಂದು ತಿಳಿದು ಓದಿ ಎಂದರು. ಸಾಯುವ ಮೊದಲು ತಾನು ಜನ್ಮವಿಡೀ ಊದಿದ್ದು ಏನೆಂದು ತಿಳಿಯಬೇಕೆನ್ನಿಸಿ ಸಾಬರೂ ಹೋಗಿ ಕೂತರು.

ಸುಸ್ತು ಶುರುವಾದದ್ದೇ ಅಲ್ಲಿಂದ. ನಾಮಪದ, ಕ್ರಿಯಾಪದ, ಅವ್ಯಯ. ಉದಾಹರಣೆಯ ವಾಕ್ಯದಲ್ಲಿ ಜೈದ್ ಎಂಬವನು ಅಮ್ರ್ ಎಂಬವನನ್ನು ಹೊಡೆಯುತ್ತಾನೆ. ಮರುದಿನವೂ ಹೊಡೆಯುತ್ತಾನೆ. ನಿನ್ನೆ ಹೊಡೆದ, ಇಂದು ಹೊಡೆಯುತ್ತಿದ್ದಾನೆ, ನಾಳೆ ಹೊಡೆಯುವನು.

"ಆ ಅಮ್ರ್ ಯಾನ್ ತಪ್ ಮಾಡವ್ನೆ ಹಜ್ರತ್? ಬುಡಿಸ್ಕೊಳೋರೇ ಇಲ್ವಾ?" ಎಂದು ಸಾಬರು ಕೇಳಿದಾಗ ಹಜ್ರತ್ ಕೂಡ ನಕ್ಕರು.

ನಗುವಿಗೇನೋ ಬರವಿರಲಿಲ್ಲ, ಆದರೆ ತಲೆಯಲ್ಲಿ ಏನೂ ನಿಲ್ಲುತ್ತಿರಲಿಲ್ಲ. ಬೆಳಗ್ಗೆ ಹೊಲಿದ ಹಾಸಿಗೆಯ ನೋವು ಬೆನ್ನಲ್ಲಿ, ಕೂತ ನೋವು ಮಂಡಿಯಲ್ಲಿ. ಪಾಠದ ನಡುವೆ ಕೆಮ್ಮು ಬಂದರೆ ಕಲಿತ ಪದವೂ ಅದರ ಜೊತೆ ಹೊರಟುಹೋಗುತ್ತಿತ್ತು. ಜೊತೆಯವರು ಒಬ್ಬೊಬ್ಬರಾಗಿ ಬಿಟ್ಟರು. ಸಾಬರಿಗೆ ಬಿಡುವುದಕ್ಕೂ ಆಯಾಸ, ಹಾಗಾಗಿ ಉಳಿದರು.

ಹೀಗೆ ಮಳೆಗಾಲ ಕಳೆಯಿತು. ಒಂದು ಮಧ್ಯಾಹ್ನ ಅವರು ತಮ್ಮ ಆಯತ್ತನ್ನೇ ಮುಂದಿಟ್ಟುಕೊಂಡು ಕೂತರು. 'ಮಕ್ಕಳು' ಸಿಕ್ಕಿತು. ಗಂಡು ಸಿಕ್ಕಿತು, ಹೆಣ್ಣು ಸಿಕ್ಕಿತು. ಆಮೇಲೆ ಅರ್ಧ, ಆರನೆಯ ಒಂದು ಪಾಲು ಎಂದೆಲ್ಲ ಲೆಕ್ಕ ಬರತೊಡಗಿತು. ಜ್ವರಕ್ಕೆ ಇದೆಂಥ ಲೆಕ್ಕ ಎಂದು ಗಾಬರಿಯಾಗಿ ಹಜ್ರತರನ್ನು ಕೇಳಿದರು.

"ಇದ್ರಲ್ಲಿ ಜ್ವರ ಎಲ್ಲಿದೆ ಚಾಚಾ? ಇದು ಆಸ್ತಿ ಭಾಗದ ಮಾತು. ಸತ್ತವರ ಸೊತ್ತಲ್ಲಿ ಮಗನಿಗೆ ಎರಡು ಪಾಲಾದ್ರೆ ಮಗಳಿಗೆ ಒಂದು ಪಾಲು. ಕೊಡಲೇಬೇಕು ಅಂತ ದೇವರ ಅಪ್ಪಣೆ."

ಹೆಣ್ಣಿಗೆ ಪಾಲುಂಟೆಂದು ಸಾಬರು ಕೇಳದೆ ಇರಲಿಲ್ಲ. ಆದರೆ ಕಿವಿಗೆ ಬಿದ್ದ ಮಾತು ಬೇರೆ. ಇದು ಅವರದೇ ಬಾಯಲ್ಲಿ ದಿನವೂ ಇದ್ದದ್ದು. ಊರ ಮಕ್ಕಳ ಮುಖಕ್ಕೆಲ್ಲ ತಂಗಿಯ ಪಾಲನ್ನು ಊದುತ್ತ ಬಂದಿದ್ದೆನಲ್ಲ ಎಂದು ಅವರಿಗೆ ಅಸಹ್ಯವಾಯಿತು.

ಆ ಸಂಜೆ ಬಾಗಿಲಲ್ಲಿ ಚಿಕ್ಕಬೋರಮ್ಮ ಮೊಮ್ಮಗಳನ್ನೆತ್ತಿಕೊಂಡು ನಿಂತಿದ್ದಳು. ಸೊಪ್ಪು ಮಾರುವ ಹೆಂಗಸು, ಅವಳ ಮಕ್ಕಳಿಗೂ ಸಾಬರೇ ಊದಿದ್ದು.

"ಮೈ ಕಾಯ್ತಾ ಅದೆ ಸಾಬ್ರೇ, ಒಸಿ ಊದ್ಬುಡಿ."

ಸಾಬರು ಬಾಯಿ ತೆರೆದರು. ಮೊದಲ ಪದಕ್ಕೇ ನಾಲಗೆ ತಡವರಿಸಿತು. "ಇದು ಜರದ್ದಲ್ಲ ಕಣವ್ವ. ನಮ್ಮಪ್ಪ ತಪ್ ತಿಳ್ಕಂಡಿದ್ದ. ಇದು ಮನೆ ಭಾಗದ್ದು."

"ಯಾವ್ದಾದ್ರೂ ಆಗ್ಲಿ, ಊದ್ರಿ. ಕತ್ಲಾಯ್ತದೆ, ನಾ ಓಗ್ಬೇಕು."

ಅವರು ಬೇರೇನೋ ಚಿಕ್ಕದೊಂದನ್ನು ಓದಿ ಊದಿದರು. ಮಗುವನ್ನು ಡಾಕ್ಟರಿಗೂ ತೋರಿಸು ಎಂದು ಹೇಳಿ ಮನೆಗೆ ಹೋದರು.

ತಂಗಿಗೆ ಪಾಲು ಕೊಡಬೇಕೆಂಬ ಗಂಡನ ಮಾತು ಕೇಳಿ ಹೆಂಡತಿ ಷಂಶಾದ್ ಬೀ ರೊಟ್ಟಿ ತಟ್ಟುವುದನ್ನೇ ನಿಲ್ಲಿಸಿದಳು. "ಅವ್ರೇ ಬ್ಯಾಡ ಅಂದು ಸೈನ್ ಆಕವ್ರೆ. ಈಗ್ಯಾಕೆ ಕೆದಕ್ತೀರಿ?"

ಸಾಬರಿಗೆ ವಾದ ಮಾಡುವ ತ್ರಾಣವಿರಲಿಲ್ಲ. ಉಂಡು ಮಲಗಿದರು. ಬೆಳಗ್ಗೆ ಎದ್ದು, ಅಂಗಡಿ ತೆರೆಯದೆ, ಪಾಂಡವಪುರದಲ್ಲಿ ಬಸ್ಸು ಬದಲಾಯಿಸಿ ನಾಗಮಂಗಲಕ್ಕೆ ಹೋದರು. ಬಸ್ಸಿನುದ್ದಕ್ಕೂ ಕೆಮ್ಮು.

ಮೈಮೂನ ಕೆಲಸದಿಂದ ಬರುವವರೆಗೆ ಶೀಟಿನ ಮನೆಯ ಮೆಟ್ಟಿಲ ಮೇಲೆ ಕೂತಿದ್ದರು. ಅವಳು ಬಂದಳು, ಕೈಯೆಲ್ಲ ಈರುಳ್ಳಿ ವಾಸನೆ. ಅವಳೂ ಅಷ್ಟೇ ದಣಿದಿದ್ದಳು. ಚಹಾ ಕೊಟ್ಟು ಎದುರು ಕೂತಳು. ಸಾಬರು ಆಯತ್ತಿನ ಅರ್ಥವನ್ನು ಹೊಸದಾಗಿ ಕಲಿತ ಹುಡುಗನ ಹಾಗೆ ತಡವರಿಸುತ್ತ ಹೇಳಿದರು. ಕೊನೆಗೆ ಜೇಬಿನಿಂದ ಅಂಗಡಿಯ ಬೀಗದ ಕೈ ತೆಗೆದು ಅವಳ ಮುಂದಿಟ್ಟರು.

"ಒಂದಂಕಣ ನಿಂದು. ಬೀದಿ ಕಡೇದು. ಬಾಡ್ಗೇಗಾದ್ರೂ ಕೊಡು, ಬಂದಾದ್ರೂ ಇರು."

ಮೈಮೂನಳಿಗೆ ಆಶ್ಚರ್ಯವೇನೂ ಆಗಲಿಲ್ಲ. "ಗೊತ್ತಿತ್ತು ಭಾಯ್. ಇಲ್ಲಿ ಹೆಂಗಸ್ರೆಲ್ಲ ಸೇರಿ ಕುರಾನಿನ ಉರ್ದು ಅರ್ಥ ಓದಿಸ್ತೀವಿ. ನನ್ ಮಗಳಿಗೆ ಚಿಕ್ಕೋಳಿದ್ದಾಗ ಜರ ಬಂದು ಗಂಜಾಂಗೆ ಕರ್ಕೊಂಡು ಬಂದಿದ್ನಲ್ಲ, ಆವತ್ತೇ ಗೊತ್ತಿತ್ತು. ನೀನು ಅವಳ ತಲೆ ಮೇಲೆ ಕೈ ಇಟ್ಟು ಅದನ್ನೇ ಓದ್ದೆ. ಈಗ್ಲಾದ್ರೂ ನಿನ್ ಕಿವಿಗೆ ಬೀಳ್ತದೇನೋ ಅಂತ ಕಾಯ್ತಾ ನಿಂತಿದ್ದೆ."

"ಒಂದ್ ಮಾತು ಕೇಳ್ಬಾರ್ದಾಗಿತ್ತಾ?"

"ಕೇಳಿದ್ರೆ ಪಾಲು ಸಿಕ್ತಿತ್ತು, ತವರು ಓಗ್ತಿತ್ತು."

ಮೈಮೂನ ಬೀಗದ ಕೈ ಎತ್ತಿಕೊಂಡಳು, ಬೇಡವೆನ್ನಲಿಲ್ಲ. ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಬಿಗಿಯಾಗಿದೆಯೇ ಎಂದು ಎಳೆದು ನೋಡಿದಳು.

"ಈಗ ಒಂದ್ಸಲ ಓದು," ಎಂದಳು. "ಕೇಳ್ತೀನಿ."

ಅವರು ಓದಿದರು. ಒಂದೊಂದು ಪದಕ್ಕೂ ನಿಂತು, ಕೆಮ್ಮು ಬಂದಾಗ ಸುಧಾರಿಸಿಕೊಂಡು, ಮಗಳ ಪಾಲಿನ ಮಾತು ಬಂದಾಗ ಅವಳ ಮುಖ ನೋಡಿ ಓದಿದರು. ಓದಿ ಮುಗಿದ ಮೇಲೆ ಊದಲಿಲ್ಲ.