ಕರಗದೆ ಕೂಡಿದ ಬೆಸುಗೆ

ಗೆಳೆಯರೇ, ಇವತ್ತು ಬಾಗಲಕೋಟೆಯ ನಮ್ಮ ಕಾಲೇಜಿನ ಲ್ಯಾಬಿಗೆ ಅಪ್ಪ ಬಂದಿದ್ದರು. ಕುಳಗೇರಿ ಕ್ರಾಸಿನಲ್ಲಿ ಅವರದು ವೆಲ್ಡಿಂಗ್ ಅಂಗಡಿ. ನನ್ನ ಎಂಟೆಕ್ ಪ್ರಾಜೆಕ್ಟಿನ ಬೆಸುಗೆಯನ್ನು ಅವರು ನಂಬಿರಲೇ ಇಲ್ಲ. ಅದರಲ್ಲಿ ಗರಗರ ತಿರುಗುವ ಉಕ್ಕಿನ ಮೊಳೆ ಎರಡು ಅಲ್ಯೂಮಿನಿಯಂ ತಗಡುಗಳ ಸಂದಿಗೆ ಇಳಿದು, ಉಜ್ಜಿದ ಬಿಸಿಗೇ ಲೋಹವನ್ನು ಮೆತ್ತಗೆ ಮಾಡಿ, ಕಲಸಿ ಒಂದಾಗಿಸುತ್ತದೆ.

"ಬೆಂಕಿ ಇಲ್ಲ, ವೆಲ್ಡಿಂಗ್ ಕಡ್ಡಿ ಇಲ್ಲ. ಕರಗಲಿಲ್ಲಂದ್ರ ಹೆಂಗ ಕೂಡತೈತಿ, ಯವ್ವಾ?" ಎನ್ನುತ್ತ, ತಾವು ಗ್ಯಾಸಿನಲ್ಲಿ ಬೆಸೆದ ತಗಡನ್ನು ಚೀಲದಿಂದ ತೆಗೆದರು.

ಎರಡನ್ನೂ ಜಗ್ಗುವ ಯಂತ್ರಕ್ಕೆ ಹಾಕಿದೆವು. ಅವರದು ಬೆಸುಗೆಯಲ್ಲೇ ತುಂಡಾಯಿತು. ನನಗೆ ಅವರ ಮುಖ ನೋಡಲಾಗಲಿಲ್ಲ. ನನ್ನದು ಇನ್ನೂ ಬಹಳ ಹೊತ್ತು ತಡೆದು ಕೊನೆಗೆ ತುಂಡಾಯಿತು, ಆದರೆ ಬೆಸುಗೆಯ ಪಕ್ಕದಲ್ಲಿ. ಬೆಸುಗೆಗೆ ಏನೂ ಆಗಿರಲಿಲ್ಲ!

ಅಪ್ಪ ಆ ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದು ಹೆಬ್ಬೆರಳಿನಿಂದ ಸವರಿದರು. "ಮೂವತ್ತು ವರ್ಷ ಬೆಂಕಿ ಮುಂದ ಕುಂತೇನಿ, ಇಂಥಾದ್ದು ನೋಡಿದ್ದಿಲ್ಲ," ಎಂದರು. ತುಂಡಾದ ಅಂಚನ್ನು ಉಗುರಿನಿಂದ ಗೀರಿ ಕೇಳಿದರು: "ಬೆಸುಗಿ ಗಟ್ಟಿ ಉಳೀತು ಖರೆ. ಬಾಜೂಕಿನ ತಗಡು ಯಾಕ ಮೆತ್ತಗಾಗಿ ತುಂಡಾತು?"

ಏಳನೇ ತರಗತಿಗೆ ಶಾಲೆ ಬಿಟ್ಟ ಅಪ್ಪನ ಈ ಪ್ರಶ್ನೆಯೇ ನನ್ನ ಪ್ರಬಂಧದ ಕೊನೆಯ ಅಧ್ಯಾಯ. ಅದನ್ನಿನ್ನೂ ಬರೆದಿಲ್ಲ. ವೈವಾಕ್ಕೆ ಪ್ರಶ್ನೆ ಕೇಳಲು ಬರುವವರು ಅಪ್ಪನಷ್ಟು ಜಾಣರಾಗಿರದಿದ್ದರೆ ಸಾಕು.