ಫೋನಿನ ಆ ಕಡೆಯ ಮೌನ

ಔಲು ಊರಿನ ಸಾಗಣೆ ಕಚೇರಿಯಲ್ಲಿ ಯಾವ ಲಾರಿ ಎಲ್ಲಿಗೆ, ಯಾವಾಗ ಎಂದು ಹೇಳಿ ಕಳಿಸುವುದು ತುಯಿರೆಯ ಕೆಲಸ. ಹೇಳಿದ್ದು ತಲುಪಿತೇ, ತಿಳಿಯಿತೇ ಎಂದು ಇನ್ನೊಮ್ಮೆ ಕೇಳದಿದ್ದರೆ ಅವಳಿಗೆ ಕಾಫಿಯೂ ಗಂಟಲಲ್ಲಿ ಇಳಿಯದು. ಫಿನ್ಲೆಂಡಿನ ಆ ಉತ್ತರದ ಕಡೆ ಹಾಗೆ ಕೇಳುವುದೆಂದರೆ ಎದುರಿಗಿದ್ದವನನ್ನು ದಡ್ಡ ಎಂದ ಹಾಗೆ. ಒಬ್ಬರು ಹೇಳಬೇಕು, ಇನ್ನೊಬ್ಬರು ಸುಮ್ಮನೆ ಕೇಳಿಸಿಕೊಳ್ಳಬೇಕು. ಸುಮ್ಮನಿದ್ದಾರೆಂದರೆ ಕೆಲಸ ಆಯಿತೆಂದೇ ಲೆಕ್ಕ. ಮರಿಗಳ ಬೆನ್ನು ಬಿಡದ ಹೇಂಟೆಯ ಹಾಗೆಂದು ಚಾಲಕರು ಅವಳಿಗೆ ಕೋಳಿಯಮ್ಮ ಎಂದು ಹೆಸರಿಟ್ಟಿದ್ದರು. ಆ ನಾಚಿಕೆಗೆ ಈಚೆಗೆ ಎರಡನೇ ಸಲ ಕೇಳುವುದನ್ನೇ ಅವಳು ಬಿಟ್ಟಿದ್ದಳು.

ಆ ಶನಿವಾರ ಚಾಲಕ ಐಮೊನ ಟ್ರೇಲರಿನಲ್ಲಿ ಇವಾಲೊ ಊರಿನ ಔಷಧದಂಗಡಿಗೆ ಇನ್ಸುಲಿನ್ ಹೊರಟಿತ್ತು. ಸುತ್ತಲಿನ ಕಾಡುಹಳ್ಳಿಗಳಿಗೆಲ್ಲ ಅದೊಂದೇ ಅಂಗಡಿ. ಬೇಸಿಗೆಯಲ್ಲಾದರೆ ತಣ್ಣಗಿಡುವ ಚಿಂತೆ, ಜನವರಿಯಲ್ಲಿ ಎರಡು ಡಿಗ್ರಿಗಿಂತ ಕೆಳಗಿಳಿದು ಹೆಪ್ಪುಗಟ್ಟದಂತೆ ಬೆಚ್ಚಗಿಡುವ ಚಿಂತೆ. ಒಮ್ಮೆ ಹೆಪ್ಪುಗಟ್ಟಿತೋ, ಆಮೇಲೆ ಕರಗಿ ನೋಡಲು ಹೇಗೇ ಇರಲಿ, ಮೈಗೆ ಹತ್ತುವುದೆಂದು ನಂಬುವಂತಿಲ್ಲ.

ಐಮೊ ತಲೆ ನರೆಯುವ ತನಕ ಅದೇ ರಸ್ತೆಯಲ್ಲಿ ಲಾರಿ ಓಡಿಸಿದವನು. ದಾರಿ ನಡುವಿನ ಸೊದನ್ಕ್ಯುಲ ಊರಿನ ಲಾರಿ ಅಂಗಳದಲ್ಲಿ ಟ್ರೇಲರ್ ಕಳಚಿ, ಅಕ್ಕಪಕ್ಕದವರಿಗೆ ಗದ್ದಲವಾಗದಂತೆ ಅದರ ಹೀಟರ್ ಆರಿಸಿ, ಹತ್ತಿರದಲ್ಲೇ ಇದ್ದ ಮನೆಗೆ ಹೋಗುವುದು ಅವನ ರೂಢಿ. ಸ್ವಲ್ಪ ಹೊತ್ತಿಗೆ ಇನ್ನೊಬ್ಬ ಚಾಲಕ ಬಂದು ಟ್ರೇಲರನ್ನು ಮುಂದಕ್ಕೆ ಒಯ್ಯುತ್ತಿದ್ದ. ಅವತ್ತು ಆ ಇನ್ನೊಬ್ಬ ಜ್ವರ ಬಂದು ಮಲಗಿಬಿಟ್ಟ. ಬದಲಿಯವನು ಬರುವುದು ಭಾನುವಾರ. ಅಲ್ಲಿಯವರೆಗೆ ಟ್ರೇಲರಿಗೆ ಅಂಗಳದ ಕರೆಂಟು ಕೊಟ್ಟು ಬೆಚ್ಚಗಿಡಬೇಕು.

ತುಯಿರೆ ಐಮೊಗೆ ಫೋನ್ ಮಾಡಿ ಇದಿಷ್ಟನ್ನೂ ಬಿಡಿಸಿ ಹೇಳಿದಳು. ಆ ಕಡೆ ಮೌನ. ಆಮೇಲೆ ಫೋನ್ ಕಟ್ಟಾಯಿತು.

ಮೊದಲು ಸಮಾಧಾನವಾಯಿತು. ಐಮೊ ಯಾವಾಗಲೂ ಹಾಗೆಯೇ. ಆದರೆ ಮನೆಗೆ ಹೊರಡಲು ಕೋಟು ಹಾಕಿಕೊಳ್ಳುವಾಗ ಅನುಮಾನ ಬಂತು. ಅವನ ಮೌನದಲ್ಲಿ ಇಂಜಿನ್ನಿನ ಸದ್ದಾದರೂ ಇರುತ್ತದೆ, ಇದರಲ್ಲಿ ಅದೂ ಇರಲಿಲ್ಲವಲ್ಲ? ಅದು ಅವನ ಮೌನವೋ, ಸಿಗ್ನಲ್ ಇಲ್ಲದ ಕಾಡಿನ ಮೌನವೋ? ಮತ್ತೆ ಫೋನ್ ಮಾಡಿದರೆ ಎತ್ತಲಿಲ್ಲ. ಮೆಸೇಜೂ ಕಳಿಸಿದಳು, ಐಮೊ ಮೆಸೇಜು ನೋಡುವುದು ತಿಂಗಳಿಗೊಮ್ಮೆ ಎಂದು ಗೊತ್ತಿದ್ದರೂ. ಪಕ್ಕದ ಮೇಜಿನ ವೆಸ, ಈ ರಸ್ತೆಯ ಬಗ್ಗೆ ಐಮೊಗೆ ಪಾಠ ಹೇಳೋಕೆ ಹೋಗಬೇಡ, ಮುದುಕ ವರ್ಷಗಟ್ಟಲೆ ಸಿಟ್ಟು ಇಟ್ಟುಕೊಳ್ತಾನೆ ಎಂದ. ತುಯಿರೆ ಕೋಟು ತೆಗೆದು ಕುರ್ಚಿಯ ಮೇಲೆ ಹಾಕಿದಳು. ಕಿಟಕಿಯಾಚೆ ಆಗಲೇ ಕತ್ತಲು, ಚಳಿ ಏರುತ್ತಲೇ ಇತ್ತು. ಆ ಹಳೆಯ ಟ್ರೇಲರಿನೊಳಗೆ ಎಷ್ಟು ಬಿಸಿಯಿದೆಯೆಂದು ಇಲ್ಲಿಂದ ನೋಡುವ ಹಾಗೂ ಇಲ್ಲ.

ಕೊನೆಗೆ ಅವನ ಹೆಂಡತಿ ಹಿಲ್ಕಳ ಮೊಬೈಲಿಗೇ ಮಾಡಿದಳು. ಹಿಲ್ಕ ಎತ್ತಿದಳು.

"ಸೌನಾದಲ್ಲಿದಾನೆ." ಶನಿವಾರ ಸಂಜೆಯ ಆ ಹಬೆಸ್ನಾನಕ್ಕೆ ಅಲ್ಲಿ ಯಾರೂ ಅಡ್ಡ ಬರುವುದಿಲ್ಲ.

"ಸ್ವಲ್ಪ ಕರೀತೀಯಾ?"

"ಶನಿವಾರದ ಸೌನಾದಿಂದ ಗಂಡಸನ್ನ ಎಬ್ಬಿಸೋದಾ? ಯಾರಮ್ಮ ನೀನು, ಆ ಕೋಳಿಯಮ್ಮನಾ?"

ತುಯಿರೆಯ ಕಿವಿ ಬಿಸಿಯಾಯಿತು. "ಹೂಂ, ಅವಳೇ. ಕರಿ ಹಿಲ್ಕ, ಬೈದರೆ ನನ್ನ ಹೆಸರು ಹೇಳು."

ಬಾಗಿಲು ಬಡಿದ ಸದ್ದು, ಗೊಣಗಾಟ, ಒದ್ದೆ ಹೆಜ್ಜೆಗಳು. ಐಮೊ ಫೋನ್ ಹಿಡಿದನೆಂದು ಅವನ ಏದುಸಿರಿನಿಂದಲೇ ತಿಳಿಯಿತು. ಅವಳು ಮತ್ತೊಮ್ಮೆ ಎಲ್ಲ ಹೇಳಿದಳು. ಅವನು ಮತ್ತೆ ಸುಮ್ಮನಾದ.

"ಐಮೊ, ಸುಮ್ಮನಿದ್ದರೆ ನಾನು ಫೋನ್ ಇಡಲ್ಲ. ನಾನೇನಂದೆ, ಬಾಯಿಬಿಟ್ಟು ಹೇಳು."

"ಏನು, ನಾನು ಇಸ್ಕೂಲ್ ಹುಡುಗನಾ?"

"ಅಲ್ಲ. ಆದರೂ ಹೇಳು."

ಕೊನೆಗೆ ಅವನೆಂದ, "ಆಗ ನೀನು 'ಐಮೊ, ಕೇಳು' ಅಂದೆ. ಆಮೇಲೆ ನನಗೆ ಏನೂ ಕೇಳಿಸಲಿಲ್ಲ. ಹೇಳೋದು ಮುಗೀತು ಅಂದ್ಕೊಂಡು ಫೋನ್ ಇಟ್ಟೆ. ಹೀಟರ್ ಆರಿಸಿ ಬಂದಿದೀನಿ."

ತುಯಿರೆ ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಐಮೊ ಈ ಸಲ ಫೋನ್ ಇಡಲಿಲ್ಲ. ಟೊಪ್ಪಿ ಎಲ್ಲೆಂದು ಹೆಂಡತಿಯನ್ನು ಕೇಳಿದ್ದು, ಕಾರಿನ ಬಾಗಿಲು, ಹಿಮದ ಮೇಲೆ ಬೂಟಿನ ಕಿರುಗುಟ್ಟುವಿಕೆ, ಎಲ್ಲವೂ ಅವಳಿಗೆ ಕೇಳಿಸಿತು. ಆಮೇಲೆ ಒಂದು ಖಟಕ್.

"ಕರೆಂಟ್ ಕೊಟ್ಟೆ. ಒಳಗೆ ಪ್ಲಸ್ ಮೂರು ಡಿಗ್ರಿ."

"ಎರಡಕ್ಕಿಂತ ಕೆಳಗೆ ಇಳಿದಿತ್ತಾ?"

"ಇಳಿದಿಲ್ಲ. ಇಳಿದಿದ್ರೆ ಈ ಥರ್ಮಾಮೀಟರಲ್ಲಿ ಗುರುತು ಉಳಿದಿರೋದು. ಉಳಿದಿಲ್ಲ."

ನಿಜವಾಗಿ ಇಳಿದಿಲ್ಲವೋ, ತನ್ನ ಸಮಾಧಾನಕ್ಕೆ ಹಾಗೆನ್ನುತ್ತಿದ್ದಾನೋ? ಕೇಳಲು ಬಾಯಿ ತೆರೆದಳು, ಕೇಳಲಿಲ್ಲ. ಒದ್ದೆ ತಲೆಯ ಮೇಲೆ ಟೊಪ್ಪಿ ಹಾಕಿಕೊಂಡು, ಟ್ರೇಲರಿನ ಮುಂದೆ ಅವನು ಫೋನನ್ನು ಹೀಟರಿನ ಹತ್ತಿರಕ್ಕೆ ಹಿಡಿದಿರಬೇಕು. ಅದು ಗುರ್ರೆಂದು ಓಡುವುದು ಔಲುವಿನ ಕಚೇರಿಯ ತನಕ ಚೆನ್ನಾಗಿ ಕೇಳಿಸುತ್ತಿತ್ತು. ಇಬ್ಬರೂ ಫೋನ್ ಇಡಲಿಲ್ಲ.

"ನಾಲ್ಕು," ಎಂದ ಐಮೊ.